ಹಸುರು ಟೊಪ್ಪಿಗೆಯ ಕುಚ್ಚುಗಳು

ಮಲ್ಲೇಶ್ವರದಲ್ಲಿ ನಾನು ಉಪಾಧ್ಯಾಯನಾಗಿದ್ದಾಗ ಕ್ರೈಸ್ತ ಮಿತ್ರರೊಬ್ಬರು ನನ್ನೊಡನೆ ಕೆಲಸಮಾಡುತ್ತಿದ್ದರು. 1934ರಲ್ಲಿ ಪುದುಚೇರಿಯಿಂದ ಬೆಂಗಳೂರಿಗೆ ಬಂದ ಸಂತ ಪೇತ್ರರ ಸೆಮಿನರಿಯು ಅವರ ಮನೆಗೆ ಸಮೀಪವಾಗಿದ್ದಿತು. ಒಂದು ಸಂಜೆ ಅವರು ಮಹಾಧರ್ಮಾಧ್ಯಕ್ಷರ ಲಾಂಛನವುಳ್ಳ ಆಹ್ವಾನಪತ್ರವೊಂದನ್ನು ನನ್ನ ಕೈಗಿತ್ತರು. ನಡುವೆ ಗುರಾಣಿ, ಅದರ ಹಿಂದೆ ಶಿಲುಬೆ, ಮೇಲೆ ಅಗಲವಾದ ಅಂಚಿನ ಹಸುರು ಟೊಪ್ಪಿಗೆ, ಇಕ್ಕೆಲಗಳಲ್ಲಿಯೂ ಇಳಿಬಿದ್ದ ಕುಚ್ಚುಗಳು. “ಇದೇನು, ಜಾತ್ರೆಯ ಕುದುರೆಯ ಸಿಂಗಾರದಂತಿದೆಯಲ್ಲ!” ಎಂದು ನಕ್ಕೆನು. ಅವರು ನಗಲಿಲ್ಲ. “ಕುಚ್ಚು ಎಷ್ಟೆಂದು ಎಣಿಸಿದಿರಾ, ಮೇಷ್ಟ್ರೇ?” ಎಂದಷ್ಟೇ ಕೇಳಿ, ಪತ್ರವನ್ನು ಅಲ್ಲಿಯೇ ಬಿಟ್ಟು ಎದ್ದುಹೋದರು. ಹದಿನೈದು ದಿನ ನಮ್ಮ ಮನೆಯ ಮೆಟ್ಟಿಲು ತುಳಿಯಲಿಲ್ಲ.

ಎರಡು ತಲೆಯ ಹಕ್ಕಿಯನ್ನು ಮೈಸೂರರಸರ ಲಾಂಛನವೆಂದು ಬಾಲ್ಯದಿಂದ ಗೌರವಿಸಿ, ಬಳ್ಳಿಗಾವೆಯ ಕಂಬದ ಮೇಲಣ ಗಂಡಭೇರುಂಡವನ್ನು ಕಾಣಲೆಂದೇ ಪಯಣಮಾಡಿದವನು ನಾನು. ಅದನ್ನು ಕಂಡು ಪರದೇಶದವನೊಬ್ಬನು ನಕ್ಕಿದ್ದರೆ ನಾನು ಸುಮ್ಮನಿರುತ್ತಿದ್ದೆನೆ? ಈ ಯೋಚನೆ ಬರುವುದಕ್ಕೆ ಹದಿನೈದು ದಿನ ಬೇಕಾಯಿತು. ಹದಿನಾರನೆಯ ದಿನ ನಾನೇ ಅವರ ಮನೆಗೆ ಹೋದೆನು.

ಕಾಫಿಯೂ ಬಂದಿತು, ಪಾಠವೂ ನಡೆಯಿತು. ಬಿಷಪ್ಪರಿಗೆ ಒಂದೊಂದು ಪಕ್ಕಕ್ಕೆ ಆರು ಕುಚ್ಚು, ಶಿಲುಬೆಗೆ ಒಂದು ಅಡ್ಡಪಟ್ಟಿ; ಮಹಾಧರ್ಮಾಧ್ಯಕ್ಷರಿಗೆ ಹತ್ತು ಕುಚ್ಚು, ಎರಡು ಪಟ್ಟಿ. ಒಂದರ ಕೆಳಗೆ ಎರಡು, ಎರಡರ ಕೆಳಗೆ ಮೂರು ಹೀಗೆ ಸಾಲುಗಳು ಇಳಿಯುತ್ತವೆ. 1940ರಲ್ಲಿ ಮೈಸೂರು ಧರ್ಮಪ್ರಾಂತದಿಂದ ಬೇರೆಯಾದ ಬೆಂಗಳೂರು 1953ರಲ್ಲಿ ಮಹಾಧರ್ಮಪ್ರಾಂತವಾಯಿತು. ಆಗ ಬಿಷಪ್ ಪೊತ್ತಕಮೂರಿಯವರು ಇದ್ದ ಊರಿನಲ್ಲಿಯೇ ಇದ್ದು ಹತ್ತು ಕುಚ್ಚಿಗೆ ಅರ್ಹರಾದರು. 1968ರಿಂದ 1971ರವರೆಗೆ ಇಲ್ಲಿದ್ದ ಲೂರ್ದುಸ್ವಾಮಿಯವರು 1985ರಲ್ಲಿ ಕಾರ್ಡಿನಲ್ ಆದರು. ಕಾರ್ಡಿನಲರ ಟೊಪ್ಪಿಗೆ ಕೆಂಪು, ಕುಚ್ಚು ಹದಿನೈದು.

ಗುರಾಣಿಯ ಬಲವೆಂದರೆ ನೋಡುವವನ ಬಲವಲ್ಲ, ಅದನ್ನು ಹಿಡಿದವನ ಬಲವೆಂದೂ ಅವರು ತಿಳಿಸಿದರು. ಇದನ್ನು ನನಗೆ ಎರಡು ಸಲ ಹೇಳಬೇಕಾಗಲಿಲ್ಲ. ಗರ್ಭಗುಡಿಯ ಮುಂದೆ ನಿಂತವರಿಗೆ ದೇವರ ಬಲಗೈ ಯಾವ ಕಡೆ ಕಾಣುತ್ತದೆಂಬುದು ಗೊತ್ತೇ ಇದೆ!

ನನ್ನನ್ನು ಹಿಡಿದು ನಿಲ್ಲಿಸಿದುದು ಟೊಪ್ಪಿಗೆಯ ಕಥೆ. ಈಗ ಅದು ಚಿತ್ರದಲ್ಲಿ ಮಾತ್ರ ಉಳಿದಿದೆ, ತೊಡುವವರಿಲ್ಲ. ನಾಲ್ಕನೆಯ ಇನ್ನೊಸೆಂಟ್ ಪೋಪರು 1245ರಲ್ಲಿ ಲಿಯೋನಿನ ಮಹಾಸಭೆಯಲ್ಲಿ ಕಾರ್ಡಿನಲರಿಗೆ ಕೆಂಪು ಟೊಪ್ಪಿಗೆಯನ್ನು ಅನುಗ್ರಹಿಸಿದರಂತೆ. 1969ರಲ್ಲಿ ಅದನ್ನು ಕೊಡುವ ಪದ್ಧತಿಯೇ ನಿಂತಿತು. ಅದಕ್ಕೆ ಮೊದಲು, ಕಾರ್ಡಿನಲರು ತೀರಿಕೊಂಡರೆ ಅವರ ಟೊಪ್ಪಿಗೆಯನ್ನು ಸಮಾಧಿಯ ಮೇಲೆ ಚಾವಣಿಯಿಂದ ತೂಗುಬಿಡುತ್ತಿದ್ದರು. ಯಾರೂ ಅದನ್ನು ಇಳಿಸುವಂತಿಲ್ಲ. ಬಟ್ಟೆ ಜೀರ್ಣವಾಗಿ, ನೂಲು ಸಡಿಲಿ, ತಾನಾಗಿ ಉದುರಿಬೀಳಬೇಕು. “ಸಿಂಗಾರವೆಂದಿರಲ್ಲ, ಅದಕ್ಕೆ ಬೇಸರವಾಯಿತು,” ಎಂದರು ಮಿತ್ರರು. ನಾನು ಬಟ್ಟಲನ್ನು ಕೆಳಗಿಟ್ಟು ಕ್ಷಮೆ ಬೇಡಿದೆನು.

ಅವರು ತೀರಿಕೊಂಡು ಎಂಟು ವರ್ಷಗಳಾದುವು. ಕಳೆದ ತಿಂಗಳು ಹಳೆಯ ನಿಘಂಟೊಂದನ್ನು ತೆರೆದಾಗ ಆ ಆಹ್ವಾನಪತ್ರವು ಅದರ ಹಾಳೆಗಳ ನಡುವೆ ಸಿಕ್ಕಿತು. ಹಸುರು ಬಣ್ಣ ಮಾಸಿದ್ದಿತು. ಕಿಟಕಿಯ ಬಳಿಗೆ ಒಯ್ದು ಬೆರಳಿಟ್ಟು ಎಣಿಸಿದೆನು. ಎರಡು ಪಕ್ಕದಲ್ಲಿಯೂ ಹತ್ತು ಹತ್ತು ಇದ್ದುವು.