ಒಂಬತ್ತು ಅಡಿ ಸಾಲಿನ ಟ್ರ್ಯಾಕ್ಟರು

ಜಾತ್ರೆಯಲ್ಲಿ ಎತ್ತು ಕೊಳ್ಳುವುದಕ್ಕೆ ಒಂದು ಶಾಸ್ತ್ರವಿತ್ತು. ತುಟಿ ಸರಿಸಿ ಹಲ್ಲು ಎಣಿಸಬೇಕು. ಹಣೆಯ ಮೇಲೆ, ಬೆನ್ನಿನ ಮೇಲೆ ಸುಳಿ ಎಲ್ಲೆಲ್ಲಿ ಬಿದ್ದಿದೆಯೆಂದು ನೋಡಬೇಕು. ಹತ್ತು ಹೆಜ್ಜೆ ನಡೆಸಿ ಕಾಲು ಎತ್ತಿಡುವ ರೀತಿಯನ್ನು ಗಮನಿಸಬೇಕು. ಕೊನೆಗೆ ದಲ್ಲಾಳಿಯ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ತೀರ್ಮಾನಿಸಬೇಕು. ಈ ವಿದ್ಯೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಟ್ರ್ಯಾಕ್ಟರಿಗೆ ಹಲ್ಲೂ ಇಲ್ಲ, ಸುಳಿಯೂ ಇಲ್ಲ. ಮನೆಗೆ ಮೊದಲ ಟ್ರ್ಯಾಕ್ಟರನ್ನು ತರಹೊರಟವನಿಗೆ ಹೇಳಿಕೊಡಬಲ್ಲ ಹಿರಿಯರು ಮನೆಯಲ್ಲಿರುವುದಿಲ್ಲ. ಅವನಿಗೆ ದೊರೆಯುವುದು ಬಣ್ಣದ ಚಿತ್ರಗಳ ಹಾಳೆಗಳು ಮತ್ತು ಮಾರುವವನ ಮಾತು, ಇವೆರಡೇ.

ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಯ ಮೇಷ್ಟ್ರು ಇಂಥ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರು. ಊರೂರು ವರ್ಗವಾಗುತ್ತ ಹೈಸ್ಕೂಲುಗಳಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ, ತಂದೆ ಬಿಟ್ಟುಹೋದ 4 ಎಕರೆ ಅಡಿಕೆ ತೋಟಕ್ಕೆ ಮರಳಿ ಬಂದವರು ಅವರು. ತೋಟದ ಜೋಡಿ ಎತ್ತುಗಳನ್ನು ಕೊಟ್ಟು ಎರಡು ವರ್ಷವಾಗಿತ್ತು. ಅವುಗಳನ್ನು ಹೂಡುತ್ತಿದ್ದ ಹಿರಿಯ ಆಳಿಗೂ ವಯಸ್ಸು ಅರವತ್ತು ಸಮೀಪಿಸಿತ್ತು. ಬಾಡಿಗೆಯ ಗಾಡಿ ಬೇಕೆಂದಾಗ ಬರುತ್ತಿರಲಿಲ್ಲ. ಕೂಲಿಯವರು ಬಂದ ದಿನ ಮಳೆ ಬರುತ್ತಿತ್ತು. ಸಾಲುಗಳ ನಡುವೆ ಕಳೆ ಮೊಣಕಾಲೆತ್ತರ ಬೆಳೆದುನಿಂತಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಪ್ರತಿ ಭಾನುವಾರವೂ ದೂರವಾಣಿಯಲ್ಲಿ ಒಂದೇ ಮಾತು ಹೇಳುತ್ತಿದ್ದ: “ಅಪ್ಪಾ, ಆಗದಿದ್ದರೆ ಮಾರಿಬಿಟ್ಟು ಇಲ್ಲಿಗೇ ಬನ್ನಿ.” ಆಪತ್ತಿಗೆಂದು ಬ್ಯಾಂಕಿನಲ್ಲಿಟ್ಟ ಹಣದಲ್ಲಿ ಒಂದು ಭಾಗವನ್ನು ತೆಗೆದು ಯಂತ್ರ ಕೊಳ್ಳುವುದೋ, ಇಲ್ಲ ಅಪ್ಪನ ತೋಟಕ್ಕೆ ಕೈಮುಗಿದು ಹೊರಡುವುದೋ? ಮೇಷ್ಟ್ರ ಮುಂದೆ ನಿಂತಿದ್ದ ಪ್ರಶ್ನೆ ಇದು.

ಕೊಳ್ಳುವುದೆಂದು ಮನಸ್ಸು ವಾಲಿದೊಡನೆ ಮಗನೇ ಒಂದು ಪಟ್ಟಿ ತಯಾರಿಸಿ ಕಳುಹಿಸಿದ. ಅಶ್ವಶಕ್ತಿ, ಸಿಲಿಂಡರು, ಬೆಲೆ, ಎಲ್ಲವೂ ಅದರಲ್ಲಿ ಸಾಲಾಗಿ ನಿಂತಿದ್ದವು. ಪಟ್ಟಿಯನ್ನು ಓದಿ ಮುಗಿಸುವ ಹೊತ್ತಿಗೆ ಮೇಷ್ಟ್ರಿಗೆ ತಾವು ಪರೀಕ್ಷಕರಲ್ಲ, ಪರೀಕ್ಷೆಗೆ ಕುಳಿತ ಹುಡುಗ ಎಂಬ ಭಾವನೆ ಬಂದಿತು.

ಭಾರತದಲ್ಲಿ ತಯಾರಾದ ಮೊದಲ ಟ್ರ್ಯಾಕ್ಟರು ಐಷರ್ ಕಂಪೆನಿಯದು. 1959ರಲ್ಲಿ ಫರೀದಾಬಾದಿನ ಕಾರ್ಖಾನೆಯಿಂದ ಹೊರಬಂದಿತು. ಅಂದಿನಿಂದ ದೇಶದ ಹೊಲಗಳಿಗಿಳಿದ ಟ್ರ್ಯಾಕ್ಟರುಗಳು ಕಾಲಕ್ರಮದಲ್ಲಿ ದೊಡ್ಡದಾಗುತ್ತ ಹೋದವು. ಇಂದು ಬಯಲುಸೀಮೆಯಲ್ಲಿ ಓಡಾಡುವುವು ಹೆಚ್ಚಾಗಿ 40, 50 ಅಶ್ವಶಕ್ತಿಯವು. ಆದರೆ ಹಿಡುವಳಿಗಳು ಚಿಕ್ಕದಾಗುತ್ತ ಬಂದಿವೆ. 2015-16ರ ಕೃಷಿ ಗಣತಿಯಂತೆ ಈ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರು; ಎಂದರೆ ಎರಡೂಮುಕ್ಕಾಲು ಎಕರೆಗಿಂತ ತುಸು ಕಡಿಮೆಯೇ. ಇಷ್ಟು ನೆಲಕ್ಕೆ, ಅದರಲ್ಲೂ ಗಿಡಮರಗಳ ಸಾಲಿನ ನಡುವೆ ನುಸುಳುವುದಕ್ಕೆ, ಪುಟ್ಟ ಟ್ರ್ಯಾಕ್ಟರೇ ಬೇಕು.

ಪುಟ್ಟದೆಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. ಮೊದಮೊದಲ ಟ್ರ್ಯಾಕ್ಟರುಗಳು ನೇಗಿಲನ್ನು ಎತ್ತಿನಂತೆಯೇ ಹಿಂದೆ ಕಟ್ಟಿ ಎಳೆಯುತ್ತಿದ್ದವು. ನೆಲದ ಹಿಡಿತ ಸಿಗಬೇಕಾದರೆ ಗಾಡಿ ಭಾರವಾಗಿರಬೇಕಿತ್ತು. ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿಕೊಂಡರೆ ಮುಂಭಾಗ ಮೇಲೆದ್ದು ಚಾಲಕನ ಮೇಲೆಯೇ ಮಗುಚಿ ಬೀಳುವ ಅಪಾಯವಿತ್ತು. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಇದಕ್ಕೆ ಪರಿಹಾರ ಕಂಡುಹಿಡಿದರು. ಮೂರು ಕಡೆ ಬಿಗಿದ ಕೊಂಡಿಯಿಂದ ಉಪಕರಣವನ್ನು ಗಾಡಿಯ ಅಂಗವಾಗಿಯೇ ಮಾಡಿ, ಎಣ್ಣೆಯ ಒತ್ತಡದಿಂದ ಅದನ್ನು ಏರಿಸಿ ಇಳಿಸುವ ಏರ್ಪಾಡು ಅದು. ನೇಗಿಲಿನ ಎಳೆತದ ಭಾರ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತುವುದರಿಂದ ಹಗುರವಾದ ಗಾಡಿಯೂ ಭಾರವಾದುದರ ಕೆಲಸ ಮಾಡತೊಡಗಿತು. 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಅವರ ಬೂದುಬಣ್ಣದ ಪುಟ್ಟ ಟ್ರ್ಯಾಕ್ಟರುಗಳ ಸಂಖ್ಯೆ 5 ಲಕ್ಷವನ್ನೂ ಮೀರಿತು. ಇಂದಿನ ಯಾವ ಕಂಪೆನಿಯ ಪುಟ್ಟ ಟ್ರ್ಯಾಕ್ಟರಿನ ಹಿಂಬದಿ ನೋಡಿದರೂ ಆ ಮೂರು ತೋಳಿನ ಕೊಂಡಿ ಕಾಣುತ್ತದೆ.

ಮಗನ ಪಟ್ಟಿಯಲ್ಲಿದ್ದ ಗಾಡಿಗಳು ಒಂದೊಂದೂ ಒಂದೊಂದು ಮನೆತನದವು. ಅಗ್ಗದ ಕಡೆಗೆ ಮಹೀಂದ್ರದ ಯುವರಾಜ್ 215, ಸ್ವರಾಜ್ 717. ಎರಡೂ 15 ಅಶ್ವಶಕ್ತಿಯವು, ಎರಡಕ್ಕೂ ಒಂದೊಂದೇ ಸಿಲಿಂಡರು. ಸರಳವಾದ ಯಂತ್ರ, ರಿಪೇರಿ ಸುಲಭ. ಆದರೆ ಒಂಟಿ ಸಿಲಿಂಡರಿನ ಕುಲುಕಾಟವನ್ನು ಕುಳಿತವನು ಸಹಿಸಬೇಕು. ಅವುಗಳ ಮೇಲೆ ವಿ.ಎಸ್.ಟಿ. ಶಕ್ತಿ ಎಂಟಿ 180ಡಿ. 1967ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಪವರ್ ಟಿಲ್ಲರುಗಳಿಗೆ ಹೆಸರಾದ ಸಂಸ್ಥೆಯ ಗಾಡಿ, ಮೂರು ಸಿಲಿಂಡರಿನದು. ಅನಂತರ ಕುಬೋಟಾದ ನಿಯೋಸ್ಟಾರ್ ಎ211ಎನ್. 21 ಅಶ್ವಶಕ್ತಿ, ಮೂರು ಸಿಲಿಂಡರು, ನಾಲ್ಕು ಚಕ್ರಕ್ಕೂ ಚಾಲನೆ. ಮಹೀಂದ್ರದ್ದೇ ಜೀವೋ 245. 24 ಅಶ್ವಶಕ್ತಿ, ಎರಡು ಸಿಲಿಂಡರು, ಇದಕ್ಕೂ ನಾಲ್ಕು ಚಕ್ರದ ಚಾಲನೆ. 2023ರಲ್ಲಿ ಬಂದ ಓಜಾ ಮಾಲೆ ಬೇರೆ. ಎಲ್ಲಕ್ಕೂ ಮೇಲೆ ಜಾನ್ ಡಿಯರಿನ 28 ಅಶ್ವಶಕ್ತಿಯ 3028 ಇಎನ್. ಬೆಲೆ ಸುಮಾರು 3 ಲಕ್ಷದಿಂದ ಹೊರಟು ದುಪ್ಪಟ್ಟಿನ ಆಚೆಗೂ ಹೋಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದದ್ದೊಂದೇ ಮೇಷ್ಟ್ರಿಗೆ ಸಮಾಧಾನದ ಸಂಗತಿ.

ಮಗನಿಗೆ ದೊಡ್ಡ ಅಂಕಿಯ ಮೇಲೆ ಒಲವು. ದುಡ್ಡು ಹಾಕುವುದೇ ಆದರೆ ಶಕ್ತಿ ಹೆಚ್ಚಿನದಕ್ಕೇ ಹಾಕಬೇಕೆಂದು ಅವನ ವಾದ. ಆದರೆ ಅಶ್ವಶಕ್ತಿಯೆಂಬ ಅಂಕಿ ಸಂಬಳದ ಚೀಟಿಯ ಮೊದಲ ಸಾಲಿನಂತೆ. ಕೈಗೆ ಬರುವುದು ಕಡಿತಗಳೆಲ್ಲ ಕಳೆದ ಮೇಲೆ. ಮಣ್ಣು ಪುಡಿಮಾಡುವ ರೋಟವೇಟರನ್ನು ತಿರುಗಿಸುವುದು ಇಂಜಿನಿನ ಪೂರ್ಣ ಶಕ್ತಿಯಲ್ಲ, ಹಿಂದಿನ ಪಿ.ಟಿ.ಓ. ದಂಡಕ್ಕೆ ತಲುಪಿದಷ್ಟು ಮಾತ್ರ. ಇನ್ನು ಎತ್ತುವ ಶಕ್ತಿ: 21ರ ನಿಯೋಸ್ಟಾರೂ 24ರ ಜೀವೋವೂ ಎತ್ತುವುದು 750 ಕಿಲೋ ಭಾರವನ್ನೇ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರಕಾರದ ಪರೀಕ್ಷಾ ಸಂಸ್ಥೆಯೊಂದಿದೆ. ಅಲ್ಲಿ ಗಾಡಿಗಳನ್ನು ಪರೀಕ್ಷಿಸಿ, ಪಿ.ಟಿ.ಓ. ಶಕ್ತಿ, ಎಳೆಯುವ ಬಲ, ಡೀಸೆಲಿನ ಖರ್ಚು ಎಲ್ಲವನ್ನೂ ವರದಿಯಲ್ಲಿ ಬರೆಯುತ್ತಾರೆ. ಬಣ್ಣದ ಹಾಳೆಗಳನ್ನು ಬದಿಗಿಟ್ಟು ಮೇಷ್ಟ್ರು ಆ ವರದಿಗಳನ್ನು ತರಿಸಿ ಓದಿದರು. ಕೆಂಪು ಶಾಯಿಯ ಲೇಖನಿಯೂ ಕೈಯಲ್ಲಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ನಡೆಯುತ್ತಿರುವಾಗ ಅಡಿಗೆಮನೆಯಿಂದ ಒಂದು ಪ್ರಶ್ನೆ ಬಂದಿತು. “ಅಲ್ರೀ, ಗಾಡಿಯನ್ನೆಲ್ಲ ಅಳೆದಿರಿ. ನಮ್ಮ ತೋಟದ ಸಾಲು ಅಳೆದಿರಾ?”

ಮೇಷ್ಟ್ರು ಅಳೆದಿರಲಿಲ್ಲ. ಮಾರನೆಯ ಬೆಳಗ್ಗೆ ಗಂಡಹೆಂಡಿರಿಬ್ಬರೂ ಹಗ್ಗ ಹಿಡಿದು ತೋಟಕ್ಕಿಳಿದರು. ಅಡಿಕೆಗೆ ಕಾಸರಗೋಡಿನ ಸಂಶೋಧನಾ ಸಂಸ್ಥೆ ಶಿಫಾರಸು ಮಾಡುವ ಅಂತರ 2.7 ಮೀಟರು, ಹಳೆಯ ಲೆಕ್ಕದಲ್ಲಿ 9 ಅಡಿ. ಮೇಷ್ಟ್ರ ತಂದೆ ನೆಟ್ಟದ್ದೂ ಅಷ್ಟಕ್ಕೇ. ಆದರೆ ಆ 9 ಅಡಿಯಷ್ಟೂ ಗಾಡಿಗೆ ಸಲ್ಲುವುದಿಲ್ಲ. ಮರದ ದಪ್ಪಕ್ಕೆ ಅರ್ಧ ಅಡಿ ಹೋಯಿತು. ಅಡಿಕೆಯ ಬೇರು ಆಳಕ್ಕಿಳಿಯದೆ ಬುಡದ ಸುತ್ತ ಮೇಲೆ ಮೇಲೆಯೇ ಹರಡುತ್ತದೆ. ರೋಟವೇಟರಿನ ಅಲಗು ಅಲ್ಲಿಗೆ ತಾಗಿದರೆ ಉಣಿಸುವ ಬೇರನ್ನೇ ಕತ್ತರಿಸಿದಂತೆ. ಅದಕ್ಕಾಗಿ ಎರಡು ಕಡೆಗೂ ಎರಡೆರಡು ಅಡಿ ಬಿಡಬೇಕು. ಉಳಿದದ್ದು ನಾಲ್ಕೂವರೆ ಅಡಿ. ಅದರಲ್ಲಿಯೂ ಹನಿ ನೀರಾವರಿಯ ಪೈಪು ಒಂದು ಬದಿಯಲ್ಲಿ ಮಲಗಿತ್ತು. ಮೂರೂವರೆ ಅಡಿಯ ಗಾಡಿ ಹೋದರೆ ಅಕ್ಕಪಕ್ಕ ಅರ್ಧರ್ಧ ಅಡಿ ಉಳಿಯುತ್ತದೆ. ಅದಕ್ಕಿಂತ ಅಗಲವಾದುದು ಎಷ್ಟೇ ಬಲಶಾಲಿಯಾಗಿರಲಿ, ಬೇಲಿಯ ಹೊರಗೇ ನಿಲ್ಲಬೇಕು.

ಹಗ್ಗದ ಅಳತೆ ಪಟ್ಟಿಯನ್ನು ಅರ್ಧಕ್ಕೆ ಇಳಿಸಿತು. ಎಳೆಯ ಮರಗಳಿದ್ದ ಮೂಲೆಯಲ್ಲಿ ಸೋಗೆಗಳು ತಲೆಗೆ ತಾಗುವಷ್ಟು ಬಾಗಿದ್ದವು. ಹೊಗೆಕೊಳವೆ ಮೇಲಕ್ಕೆ ನೆಟ್ಟಗೆ ನಿಂತ ಗಾಡಿಗಳನ್ನು ಆ ಸೋಗೆಗಳು ನಿರಾಕರಿಸಿದವು. ನೀರು ನಿಂತು ಜವುಗಾಗುವ ತಗ್ಗಿನಲ್ಲಿ, ಹಿಂದಿನ ಎರಡೇ ಚಕ್ರಗಳಿಗೆ ಚಾಲನೆಯಿರುವ ಹಗುರ ಗಾಡಿ ಜಾರುವುದು ಖಂಡಿತ. ಸಾಲಿನ ಕೊನೆಯಲ್ಲಿ ತಿರುಗುವುದಕ್ಕೆ ಇದ್ದ ಜಾಗ ಇನ್ನೊಂದನ್ನು ಹೊರಗಿಟ್ಟಿತು. ತಿಂಗಳುಗಟ್ಟಲೆ ಅಂಕಿಗಳು ತೀರ್ಮಾನಿಸದೆ ಉಳಿದ ಪ್ರಶ್ನೆಗೆ ತೋಟ ಒಂದೇ ಬೆಳಗಿನಲ್ಲಿ ಮುಕ್ಕಾಲುಪಾಲು ಉತ್ತರ ಹೇಳಿತು.

ಉಳಿದ ಕಾಲುಪಾಲು ಪಟ್ಟಣದಲ್ಲಿತ್ತು. ಕೈಗಡಿಯಾರದಿಂದ ಮನೆಮನೆಗೂ ಪರಿಚಿತವಾದ ಎಚ್.ಎಂ.ಟಿ. 1971ರಿಂದ ಟ್ರ್ಯಾಕ್ಟರನ್ನೂ ತಯಾರಿಸುತ್ತಿತ್ತು. ಮೊದಲನೆಯದು ಜೆಕೊಸ್ಲೊವಾಕಿಯಾದ ಜೆಟರ್ ಸಹಯೋಗದ 25 ಅಶ್ವಶಕ್ತಿಯ ಗಾಡಿ. ಗಟ್ಟಿಯಾದ ಯಂತ್ರವೆಂದು ಅದಕ್ಕೆ ಒಳ್ಳೆಯ ಹೆಸರಿತ್ತು. 2016ರಲ್ಲಿ ಆ ವಿಭಾಗವನ್ನು ಮುಚ್ಚುವ ತೀರ್ಮಾನವಾಯಿತು. ತಯಾರಿಕೆಯೇ ನಿಂತ ಮೇಲೆ, ಎಷ್ಟು ಗಟ್ಟಿಯಾದ ಯಂತ್ರವಾದರೂ ಸವೆದ ಬಿಡಿಭಾಗಕ್ಕಾಗಿ ಊರೂರು ಹುಡುಕಬೇಕಾಗುತ್ತದೆ. ಹೀಗಾಗಿ ಮೇಷ್ಟ್ರು ಅಂಗಡಿಗಳಿಗೆ ಹೋದಾಗ ಹೊಳೆಯುವ ಹೊಸ ಗಾಡಿಗಳ ಮುಂದೆ ನಿಲ್ಲದೆ ನೇರವಾಗಿ ಹಿಂದಿನ ರಿಪೇರಿ ಶೆಡ್ಡಿಗೆ ನಡೆದರು. ಅಲ್ಲಿ ಎಷ್ಟು ಗಾಡಿಗಳು ನಿಂತಿವೆ, ಎಷ್ಟು ದಿನದಿಂದ ನಿಂತಿವೆ, ಯಾವ ಭಾಗಕ್ಕಾಗಿ ಕಾಯುತ್ತಿವೆ, ಹಳ್ಳಿಗೆ ಬರುವ ಮೆಕ್ಯಾನಿಕ್ಕು ಯಾರು ಎಂದು ವಿಚಾರಿಸಿದರು. ಒಂದು ಕಡೆ ಮೂರು ವಾರದಿಂದ ಒಂದು ಸಣ್ಣ ಸೀಲಿಗಾಗಿ ಕಾಯುತ್ತಿದ್ದ ರೈತನೊಬ್ಬ ಸಿಕ್ಕಿದ. ಅವನ ಮುಖ ನೋಡಿದ ಮೇಲೆ ಆ ಅಂಗಡಿಯ ರಿಯಾಯಿತಿಯ ಮಾತು ಮೇಷ್ಟ್ರ ಕಿವಿಗೆ ಬೀಳಲಿಲ್ಲ.

ಹಣದ ಲೆಕ್ಕವನ್ನು ಮನೆಯಾಕೆ ಹಿಡಿದರು. ಗಾಡಿಗೂ ರೋಟವೇಟರಿಗೂ ಸೇರಿ ಐದೂವರೆ ಲಕ್ಷವೆಂದಿಟ್ಟುಕೊಂಡರೆ, ಬ್ಯಾಂಕಿನಿಂದ ವರ್ಷಕ್ಕೆ ಬರುತ್ತಿದ್ದ ಸುಮಾರು 38 ಸಾವಿರ ಬಡ್ಡಿ ನಿಲ್ಲುತ್ತದೆ. ಹದಿನೈದು ವರ್ಷ ಬಾಳಿಕೆಯೆಂದರೂ ಸವಕಳಿಗೆ ವರ್ಷಕ್ಕೆ 37 ಸಾವಿರ. ಒಟ್ಟು 75 ಸಾವಿರ. ಉಳುಮೆ, ಗೊಬ್ಬರ ಹೇರುವುದು, ಕೆರೆಯ ಗೋಡು ಹೊಡೆಯುವುದು, ಕೊಯ್ದ ಗೊನೆ ಸಾಗಿಸುವುದು ಎಲ್ಲ ಸೇರಿ ತೋಟದಲ್ಲಿ ಗಾಡಿಗೆ ಕೆಲಸ 120 ಗಂಟೆ. ಡೀಸೆಲು ಹಾಕುವ ಮೊದಲೇ ಗಂಟೆಗೆ 600 ರೂಪಾಯಿಗೂ ಮೇಲಾಯಿತು. ಡೀಸೆಲೂ ಚಾಲಕನ ಕೂಲಿಯೂ ಸೇರಿದರೆ ಊರಿನ 900 ರೂಪಾಯಿ ಬಾಡಿಗೆಗಿಂತ ಅಗ್ಗವೇನಲ್ಲ. 2014-15ರಿಂದ ನಮ್ಮ ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳೂ ಬಾಡಿಗೆಗೆ ಯಂತ್ರ ಕೊಡುತ್ತಿವೆ. ಹಾಗಾದರೆ ಕೊಳ್ಳುವುದೇಕೆ?

“ಹದಕ್ಕೆ,” ಎಂದ ಹಿರಿಯ ಆಳು. “ಮಳೆ ಬಿದ್ದ ಮೂರನೇ ದಿನ ಮಣ್ಣು ಹದವಾಗಿರ್ತದೆ, ಮೇಷ್ಟ್ರೇ. ಅವತ್ತು ಎಲ್ರಿಗೂ ಗಾಡಿ ಬೇಕು. ನಮ್ಮ ಸರದಿ ಬರೋದ್ರಲ್ಲಿ ಹದ ಹೋಗಿರ್ತದೆ.”

ಲೆಕ್ಕದ ಪುಸ್ತಕದಲ್ಲಿ ಹದಕ್ಕೊಂದು ಅಂಕಣವಿರಲಿಲ್ಲ. ಮನೆಯಾಕೆ ಸ್ವಲ್ಪ ಹೊತ್ತು ಯೋಚಿಸಿ ಇನ್ನೊಂದು ಲೆಕ್ಕ ಬರೆದರು. ಪಕ್ಕದ ಎರಡು ತೋಟಗಳವರೂ ಇದೇ ಕಷ್ಟದಲ್ಲಿದ್ದರು. ತಮ್ಮ ಕೆಲಸ ಮುಗಿದೊಡನೆ ಅವರಿಗೆ 80 ಗಂಟೆ ದುಡಿದುಕೊಟ್ಟರೆ ವರ್ಷದ ಗಂಟೆಗಳು 200 ಆಗುತ್ತವೆ. 75 ಸಾವಿರದ ಹೊರೆ ಗಂಟೆಗೆ 375ಕ್ಕೆ ಇಳಿಯುತ್ತದೆ. ನೆರೆಯವರು ಬಾಯಿಮಾತಿನಲ್ಲಲ್ಲದೆ ಒಂದು ಹಾಳೆಯ ಮೇಲೆ ಬರೆದು ಒಪ್ಪಿದ ಬಳಿಕವೇ ಆಕೆ ಬ್ಯಾಂಕಿನ ಪುಸ್ತಕವನ್ನು ಹೊರಗೆ ತೆಗೆದರು.

ಸಾಲಿಗೆ ಹಿಡಿಸುವ ಗಾಡಿಗಳು ಎರಡೇ ಉಳಿದಿದ್ದವು. ಎರಡನ್ನೂ ತೋಟಕ್ಕೇ ತರಿಸಿ, ರೋಟವೇಟರು ಕಟ್ಟಿ, ಜವುಗಿನ ತಗ್ಗಿನಲ್ಲಿಯೇ ಓಡಿಸಿ ನೋಡಿದರು. ಓಡಿಸಿದವರು ಮೇಷ್ಟ್ರಲ್ಲ, ಮಗನಲ್ಲ. ನಾಳೆ ನಿಜವಾಗಿ ಅದರ ಮೇಲೆ ಕೂರಬೇಕಾದ ಹಿರಿಯ ಆಳು. ಒಂದರಲ್ಲಿ ಕ್ಲಚ್ಚು ತುಳಿಯಲು ಅವನು ಸೀಟಿನ ಅಂಚಿಗೆ ಸರಿಯಬೇಕಾಗುತ್ತಿತ್ತು. ಇನ್ನೊಂದರಲ್ಲಿ ಕಾಲು ತಾನಾಗಿ ತಲುಪಿತು. ರೋಟವೇಟರು ಚಕ್ರದ ಗುರುತನ್ನು ಮುಚ್ಚಿಕೊಂಡು ಬಂದಿತು. ಅದರ ರಿಪೇರಿ ಶೆಡ್ಡು ಹತ್ತು ಮೈಲಿಯೊಳಗಿತ್ತು. ಅದೇ ಮನೆಗೆ ಬಂದಿತು. ಅದರ ಹೆಸರು ಹೇಳಿದರೆ ಓದುಗರಿಗೆ ಉಪಕಾರವಾಗುವುದಿಲ್ಲ. ಅಗಲವಾದ ಸಾಲಿನ ತೆಂಗಿನವರಿಗೆ, ಬೇರೆ ಪಟ್ಟಣಕ್ಕೆ ಹತ್ತಿರವಿರುವವರಿಗೆ, ಬಿಟ್ಟುಬಂದ ಇನ್ನೊಂದೇ ಸರಿಯಾದೀತು.

ಮುಂಗಾರಿನ ಮೊದಲ ಒಳ್ಳೆಯ ಮಳೆಯಾದ ಮೂರನೆಯ ದಿನ ಬೆಳಗ್ಗೆ ಆರಕ್ಕೆ ಗಾಡಿ ಸಾಲಿಗಿಳಿಯಿತು. ಸಂಜೆಯ ಹೊತ್ತಿಗೆ ತೋಟದ ಕಾಲುಭಾಗ ಮುಗಿದಿತ್ತು. ಮನೆಯಾಕೆ ಪುಸ್ತಕ ತೆರೆದು, ಹದವೆಂದು ಹೊಸದಾಗಿ ಗೆರೆ ಎಳೆದ ಅಂಕಣದಲ್ಲಿ ತಾರೀಖು ಬರೆದರು. ಅದರ ಕೆಳಗೆ, ಮಾರನೆಯ ದಿನದ ಮೂರು ಗಂಟೆಯನ್ನು ಪಕ್ಕದ ತೋಟದವರ ಹೆಸರಿಗೆ ಬರೆದಿಟ್ಟರು.