ಫಸ್ಟ್ ಶೋ, ಶ್ರೀಹರಿಕೋಟ!

ಫಸ್ಟ್ ಡೇ ಫಸ್ಟ್ ಶೋ ಅಂದ್ರೆ ನನಗೆ ಪ್ರಾಣ. ಆದರೆ ಅದಕ್ಕಾಗಿ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಬೆಂಗಳೂರಿನಿಂದ ರಾತ್ರಿಯೆಲ್ಲಾ ಬೈಕ್ ಓಡಿಸಿದ್ದು ಅದೊಂದೇ ಸಲ. ನಾಯಕ, ಇಸ್ರೋದ ಹೊಸ ಪುಟಾಣಿ ರಾಕೆಟ್ ಎಸ್‌ಎಸ್‌ಎಲ್‌ವಿ. ಪುಟಾಣಿ ಅಂದ್ರೂ 34 ಮೀಟರ್ ಎತ್ತರ, 120 ಟನ್ ತೂಕ! ಬಿಡುಗಡೆ 2022ರ ಆಗಸ್ಟ್ 7, ಭಾನುವಾರ.

ಕೋಲಾರ, ಚಿತ್ತೂರು, ತಿರುಪತಿ ದಾಟಿ ಸುಳ್ಳೂರುಪೇಟೆ ಮುಟ್ಟುವಾಗ ಬೆಳಗಾಗಿತ್ತು. ಶ್ರೀಹರಿಕೋಟದ ಗ್ಯಾಲರಿಗೆ ಮೊದಲೇ ಹೆಸರು ಕೊಟ್ಟಿದ್ದೆವು. ಪ್ರವೇಶ ಪುಕ್ಕಟೆ, ಬ್ಲ್ಯಾಕ್ ಟಿಕೆಟ್ಟಿನವರ ಕಾಟವಿಲ್ಲ.

ಬೆಳಿಗ್ಗೆ 9-18. ಮರಗಳಾಚೆ ಬೆಂಕಿ ಎದ್ದಿತು, ಸದ್ದೇ ಇಲ್ಲ! ಅಪ್ಪಟ ಮೂಕಿ ಚಿತ್ರ. ಬೆಳಕಿನ ಹಿಂದೆ ಸದ್ದು ಓಡಿ ಬರಬೇಕಲ್ಲ? ಬಂತು ನೋಡಿ ಆಮೇಲೆ ಟಾಕಿ, ಎದೆಗೂಡೇ ಗಡಗಡ! ತುಟಿ ನೋಯುವಷ್ಟು ಶಿಳ್ಳೆ ಹೊಡೆದೆವು.

ವಾಪಸ್ ಬರುತ್ತಾ ಹೋಟೆಲಿನಲ್ಲಿ ಸುದ್ದಿ ಸಿಕ್ಕಿತು. ಚಿತ್ರ ಫ್ಲಾಪ್. 356 ಕಿ.ಮೀ. ಎತ್ತರದಲ್ಲಿ ಸುತ್ತಬೇಕಿದ್ದ ಉಪಗ್ರಹಗಳು ಒಂದು ಕಡೆ 76 ಕಿ.ಮೀ.ಗೆ ಇಳಿಯುವ ಕಕ್ಷೆಗೆ ಬಿದ್ದಿದ್ದವು. ಎರಡನೇ ಹಂತ ಕಳಚುವಾಗಿನ ಅದುರಾಟಕ್ಕೆ ಕಂಪ್ಯೂಟರು ಸೆನ್ಸರುಗಳೇ ಕೆಟ್ಟವೆಂದು ತಿಳಿದದ್ದು ಕಾರಣವಂತೆ. 750 ಶಾಲಾ ಹುಡುಗಿಯರು ಸೇರಿ ಮಾಡಿದ ಉಪಗ್ರಹವೂ ಅದರಲ್ಲಿತ್ತು. ಇಡ್ಲಿ ಗಂಟಲಲ್ಲೇ ನಿಂತಿತು.

2023ರ ಫೆಬ್ರವರಿ 10ಕ್ಕೆ ಎರಡನೆಯದು ಗೆದ್ದಿತು. ನನಗೆ ರಜೆ ಸಿಗಲಿಲ್ಲ, ಫೋನಿನಲ್ಲೇ ನೋಡಿದೆ. ಗೆಳೆಯ ಅಂದ: "ಈ ಸಲ ಶುಕ್ರವಾರ ರಿಲೀಸ್ ಮಾಡಿದ್ರು ಕಣೋ!"