ಬೋಲ್ಟಿನ ತಲೆಯ ಮೇಲೊಂದು ಅಕ್ಷರ

ಲಿಂಗಸುಗೂರು ಬಿಟ್ಟಾಗ ಗೆಳೆಯನ ಜೀಪು ‘ವಿಲ್ಲಿಸ್’. ಅವರಪ್ಪ ಹಾಗೇ ಕರೆಯುತ್ತಿದ್ದರು, ಊರೂ ಹಾಗೇ ಕರೆಯುತ್ತಿತ್ತು. ಸಿಂಧನೂರಿನ ಮೇಸ್ತ್ರಿ ಕೈಲಿ ರೇಡಿಯೇಟರ್ ಸೋರಿಕೆ ನಿಲ್ಲಿಸಿ, ‘ಎಲ್ಲಾ ಒರಿಜಿನಲ್’ ಎನ್ನಿಸಿಕೊಂಡು ಬರುವುದು ನಮ್ಮ ಲೆಕ್ಕ. ಬಿಸಿಲು ಆ ಲೆಕ್ಕ ಕೇಳಲಿಲ್ಲ. ಮಸ್ಕಿ ಮುಟ್ಟುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬುಸ್ಸನೆ ಉಗಿ!

ಕುದಿಯುವಾಗ ಮುಚ್ಚಳ ಮುಟ್ಟಬಾರದು. ಆರಲಿ ಎಂದು ಬಿಟ್ಟು ಗುಡ್ಡದತ್ತ ನಡೆದೆವು. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಅಶೋಕನ ಶಾಸನದ ಬಂಡೆ ಅಲ್ಲಿದೆ. ಅಷ್ಟರವರೆಗೆ ಓದಿದ ಶಾಸನಗಳಲ್ಲೆಲ್ಲ ‘ದೇವಾನಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ದೊರೆ ಯಾರೆಂಬುದು ಊಹೆ. ಇಲ್ಲಿ ಮಾತ್ರ ‘ಅಸೋಕಸ’ ಎಂದು ನೇರ ಹೆಸರೇ. ಸವೆದ ಬ್ರಾಹ್ಮಿ ಅಕ್ಷರಗಳ ಎದುರು ಬಾಯಿ ಕಟ್ಟಿತು. ಇಷ್ಟು ದೊಡ್ಡ ಸಂಶಯವನ್ನು ಇಷ್ಟು ಸಣ್ಣ ಗೆರೆಗಳು ಕಳೆದವೇ!

ನೀರು ಹೊಯ್ದು ಮತ್ತೆ ಹೊರಟೆವು. ಕಾಲುವೆ ಸೀಮೆ ಬಂತು, ಕಣ್ಣಿಗೆ ಭತ್ತದ ಹಸಿರು, ಮುಂದೆ ಸಾಲು ಸಾಲು ಟ್ರ್ಯಾಕ್ಟರು.

ಮೇಸ್ತ್ರಿ ಮೊದಲು ಮುಂದಿನ ಜಾಲರಿಯ ಸೀಳು ಎಣಿಸಿದರು. “ಒಂಬತ್ತು. ಯುದ್ಧಕಾಲದ್ದರಿ. ಆಮ್ಯಾಲಿನ ಜೀಪಿಗೆ ಏಳು.” ನಾನು ಜಾಣನಂತೆ ರೇಡಿಯೇಟರಿಗೆ ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. “ಅದರಿಂದ ಕಬ್ಬಿಣ ಅಲ್ಲ ಅಂತಷ್ಟ ಗೊತ್ತಾಗ್ತದ ಸರ, ಮೂಲದ್ದು ಅಂತಲ್ಲ” ಎಂದು ನಕ್ಕರು. ಮೇಲಿನ ಟ್ಯಾಂಕಿಯ ಬಣ್ಣ ಕೆರೆದರೆ ಹಳೇ ಹಿತ್ತಾಳೆ, ಮಂಕು ಬೆಸುಗೆ. ಕೆಳಗಿನ ಕೋರಿನ ಬೆಸುಗೆಯೋ ಇನ್ನೂ ಮಿಂಚುತ್ತಿತ್ತು; ಎಂದೋ ಯಾರೋ ಬದಲಿಸಿದ್ದು.

ಆಮೇಲೆ ಕೆಳಗೆ ತೂರಿದರು. ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ವಿಲ್ಲಿಸ್‌ನಲ್ಲಿ ದುಂಡು ಕೊಳವೆ. ಇಲ್ಲಿ ಬೋರಲು ಹಾಕಿದ ತೊಟ್ಟಿಯ ಆಕಾರ. ಚಿಂದಿಯಿಂದ ಗ್ರೀಸ್ ಒರೆಸಿ, ಬೋಲ್ಟಿನ ತಲೆಗೆ ಟಾರ್ಚ್ ಹಿಡಿದರು. ಪುಟ್ಟ ‘ಎಫ್’! ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್‌ನ ನಕ್ಷೆಯಂತೆಯೇ ಫೋರ್ಡ್ ಕೂಡ ಎರಡೂವರೆ ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿತ್ತು, ತನ್ನ ಬೋಲ್ಟುಗಳಿಗೂ ಗುರುತು ಒತ್ತಿತ್ತು. ಬೆಳಿಗ್ಗೆ ಬಂಡೆಯೆದುರು ಕಟ್ಟಿದ ಬಾಯಿ ಇಲ್ಲಿ ಇನ್ನೊಮ್ಮೆ ಕಟ್ಟಿತು.

“ಹೊಸಾ ಕೋರ್ ಕಿತ್ತು ಹಳೇದ ಹುಡುಕೋದೇನು ಕಾಕಾ?” ಎಂದ ಗೆಳೆಯ.

“ಬ್ಯಾಡ ತಮ್ಮಾ, ಓಡಬೇಕಲ್ಲ.”

ಸಂಜೆ ಚೀಟಿಯಲ್ಲಿ ಮೇಸ್ತ್ರಿ ಬರೆದುಕೊಟ್ಟದ್ದು: ಫೋರ್ಡ್ ಜೀಪ್, ಕೋರ್ ಬೆಸುಗೆ, ಎರಡು ಕಡೆ.